ಜಕ್ಕೂರು ವಿಮಾನ ನಿಲ್ದಾಣ: ಇತಿಹಾಸ ಹಾಗೂ ಭೇಟಿ ನೀಡುವವರಿಗೆ ಮಾಹಿತಿ

ಬೆಂಗಳೂರು ನಗರದ ಉತ್ತರ ಭಾಗದಲ್ಲಿ, ಹೆಬ್ಬಾಳ ಮತ್ತು ಯಲಹಂಕಗಳ ನಡುವೆ ಬಳ್ಳಾರಿ ರಸ್ತೆಗೆ ಹೊಂದಿಕೊಂಡಂತೆ ಜಕ್ಕೂರು ವಿಮಾನ ನಿಲ್ದಾಣವಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧೀನದಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯು ಈ ಆವರಣದಲ್ಲಿಯೇ ಇದೆ. ಮೈಸೂರು ಮಹಾರಾಜರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರ್ ಅವರು ಉದಾರವಾಗಿ ನೀಡಿದ 200 ಎಕರೆಗೂ ಮಿಕ್ಕಿದ ಭೂಮಿಯಲ್ಲಿ, 1940ರ ದಶಕದ ಕೊನೆಯಲ್ಲಿ, ಈ ಶಾಲೆಯು ಆರಂಭಗೊಂಡಿತು.

ಸ್ವತಂತ್ರ ಭಾರತದ ಮೊದಲ ತಲೆಮಾರಿನ ವಿಮಾನ ಚಾಲಕರಲ್ಲಿ ಪ್ರಮುಖರಾದ ಶ್ರೀಮತಿ ಉಷಾ ಸುಂದರಂ ಅವರು 1949ರಲ್ಲಿ ಈ ಶಾಲೆಯಿಂದ ತರಬೇತಿ ಪೂರ್ಣಗೊಳಿಸಿದ ಪ್ರಥಮ ವಿದ್ಯಾರ್ಥಿ. ಮಹಿಳೆಯರಲ್ಲಿ ಮಾತ್ರವಲ್ಲ, ಎಲ್ಲರಲ್ಲಿಯೂ ಅವರೇ ಪ್ರಥಮರು ಎಂಬುದು ಗಮನಾರ್ಹ. ಅವರ ಪತಿ ಕ್ಯಾಪ್ಟನ್ ವಿ. ಸುಂದರಂ ಅವರು ಮೈಸೂರು ಮಹಾರಾಜರ ಡಕೋಟಾ ವಿಮಾನದ ಚಾಲಕರಾಗಿದ್ದರು. ಮದ್ರಾಸ್ ಸರ್ಕಾರವು ಖರೀದಿಸಿದ ಡಿ ಹ್ಯಾವಿಲ್ಯಾಂಡ್ ಡವ್ ವಿಮಾನವನ್ನು ಈ ದಂಪತಿ 1951ರಲ್ಲಿ ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದರು. ಪಿಸ್ಟನ್ ಎಂಜಿನ್ ವಿಮಾನಗಳಲ್ಲಿ ಅದು ಅಂದಿನ ದಾಖಲೆ.

ಇಷ್ಟೆಲ್ಲ ಹಿನ್ನೆಲೆಯಿದ್ದರೂ ಜಕ್ಕೂರು ವಸ್ತುಸಂಗ್ರಹಾಲಯವಲ್ಲ. ಟಿಕೆಟ್ ಪಡೆದು ಒಳಹೋಗುವ ಸ್ಥಳವೂ ಅಲ್ಲ. ಹಿರಿಯ ಚಾಲಕರ ನೆನಪಿಗೆ ಇಲ್ಲಿ ಉಳಿದಿರುವ ಸ್ಮಾರಕವೆಂದರೆ ಅವರು ಬಳಸಿದ ನೆಲವೇ. ವಿಮಾನಗಳು ಇಳಿಯುವ, ಏರುವ ಜಾಗವಾದ್ದರಿಂದ ಪೂರ್ವಾನುಮತಿ ಇಲ್ಲದೆ ಪ್ರವೇಶಿಸತಕ್ಕದ್ದಲ್ಲ. ರನ್‌ವೇ ದಾಟುವುದು ಪ್ರಾಣಾಪಾಯಕರ. ಭೇಟಿ ನೀಡಲಿಚ್ಛಿಸುವ ಶಾಲಾ ಕಾಲೇಜುಗಳು ಭೇಟಿಯ ಉದ್ದೇಶ, ದಿನಾಂಕ ಹಾಗೂ ವಿದ್ಯಾರ್ಥಿಗಳ ಸಂಖ್ಯೆಯನ್ನು ತಿಳಿಸಿ ತರಬೇತಿ ಶಾಲೆಗೆ ಮುಂಚಿತವಾಗಿ ಲಿಖಿತ ಮನವಿ ಸಲ್ಲಿಸುವುದು ಸೂಕ್ತ. ಛಾಯಾಗ್ರಹಣಕ್ಕೂ ಅನುಮತಿ ಕೋರಬೇಕು. ಯಲಹಂಕ ವಾಯುಪಡೆ ನೆಲೆಯೂ ಸಮೀಪದಲ್ಲಿಯೇ ಇರುವುದರಿಂದ ಸುತ್ತಮುತ್ತಲ ನಿವಾಸಿಗಳು ಡ್ರೋನ್ ಹಾರಿಸುವ ಮುನ್ನ 2021ರ ಡ್ರೋನ್ ನಿಯಮಗಳನ್ವಯ ಪ್ರಕಟವಾಗಿರುವ ವಾಯುಪ್ರದೇಶ ನಕ್ಷೆಯನ್ನು ಕಡ್ಡಾಯವಾಗಿ ಪರಿಶೀಲಿಸತಕ್ಕದ್ದು.

ಹಳೆಯ ವಿಮಾನಗಳನ್ನು ಹತ್ತಿರದಿಂದ ನೋಡಬಯಸುವವರಿಗೆ ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಪಾರಂಪರಿಕ ಕೇಂದ್ರ ಅನುಕೂಲಕರ. 1940ರ ಡಿಸೆಂಬರ್ 23ರಂದು ಶ್ರೀ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಸ್ಥಾಪಿಸಿದ ಕಾರ್ಖಾನೆಯ ಬೆಳವಣಿಗೆಯನ್ನು ಅಲ್ಲಿ ಚಿತ್ರಗಳ ಮೂಲಕ ನಿರೂಪಿಸಲಾಗಿದ್ದು, 1961ರಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನದ ಮಾದರಿಯೂ ಪ್ರದರ್ಶನದಲ್ಲಿದೆ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯನ್ನು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಚಿಕ್ಕ ಮಕ್ಕಳಿರುವ ಕುಟುಂಬಗಳಿಗೆ ಜಕ್ಕೂರಿಗಿಂತ ಈ ಎರಡು ಸ್ಥಳಗಳೇ ಮೇಲು.

ವಿಮಾನ ಚಾಲನೆಯ ತರಬೇತಿಯ ಬಗ್ಗೆ ವಿಚಾರಿಸಲು ಬರುವವರು ಗಮನಿಸಬೇಕಾದ ಅಂಶವೆಂದರೆ, ವಿದ್ಯಾರ್ಥಿ ಪೈಲಟ್ ಪರವಾನಗಿಗೆ ಕನಿಷ್ಠ 16 ವರ್ಷ, ವಾಣಿಜ್ಯ ಪೈಲಟ್ ಪರವಾನಗಿಗೆ 18 ವರ್ಷ ತುಂಬಿರಬೇಕು. ಎರಡನೆಯದಕ್ಕೆ 200 ಗಂಟೆಗಳ ಹಾರಾಟದ ಅನುಭವವೂ ಅವಶ್ಯ. ಕೆಂಪೇಗೌಡ ಬಸ್ ನಿಲ್ದಾಣದಿಂದ ಹೆಬ್ಬಾಳ ಮಾರ್ಗವಾಗಿ ಯಲಹಂಕದ ಕಡೆಗೆ ಸಂಚರಿಸುವ ಬಿಎಂಟಿಸಿ ಬಸ್ಸುಗಳಲ್ಲಿ ಬಂದು ಜಕ್ಕೂರಿನಲ್ಲಿ ಇಳಿಯಬಹುದು. ಮೇಲ್ಸೇತುವೆಯ ಮೇಲೆ ಸಾಗುವ ಬಸ್ಸುಗಳು ಇಲ್ಲಿ ನಿಲ್ಲುವುದಿಲ್ಲವಾದ್ದರಿಂದ ಹತ್ತುವ ಮೊದಲು ನಿರ್ವಾಹಕರನ್ನು ಕೇಳಿಕೊಳ್ಳುವುದು.