ಸೋಯಾ ಕೊಂಡವರಿಗೊಂದು ನಿರ್ಣಯ

1979ರ ಜನವರಿ 1ರಂದು ಅಮೆರಿಕ ತೈಪೆಯ ತೈವಾನ್ ಸರ್ಕಾರದ ಬದಲು ಚೀನಾದ ಬೀಜಿಂಗ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು; ವಾಷಿಂಗ್ಟನ್ನಿನಲ್ಲಿ ತೈವಾನಿಗೆ ರಾಯಭಾರ ಕಚೇರಿ ಇಲ್ಲದಾಯಿತು. ಅದೇ ಏಪ್ರಿಲ್‌ನಲ್ಲಿ ಬಂದ ತೈವಾನ್ ಸಂಬಂಧಗಳ ಕಾಯ್ದೆ ವ್ಯಾಪಾರಕ್ಕೂ ಶಸ್ತ್ರಾಸ್ತ್ರ ಮಾರಾಟಕ್ಕೂ ದಾರಿ ಉಳಿಸಿತೇ ಹೊರತು ದೇಶವೆಂಬ ಮರ್ಯಾದೆಯನ್ನು ಉಳಿಸಲಿಲ್ಲ. ಆ ಮರ್ಯಾದೆಯನ್ನು ತೈಪೆ ಅಮೆರಿಕದ ರಾಜ್ಯಗಳಲ್ಲಿ ಹುಡುಕಿತು. ಅದರ ನಿಯೋಗಗಳು ಒಕ್ಕಲುತನದ ರಾಜ್ಯಗಳಿಗೆ ಬಂದು ಮೆಕ್ಕೆಜೋಳ, ಸೋಯಾ, ಗೋಧಿ ಕೊಳ್ಳುವ ಪತ್ರಗಳಿಗೆ ಸಹಿ ಹಾಕಿದವು. ಶಾಸನಸಭೆಗಳು ಸ್ನೇಹವನ್ನು ಹೊಗಳಿ, ವಿಶ್ವ ಆರೋಗ್ಯ ಸಂಸ್ಥೆಯಂಥ ಕಡೆ ತೈವಾನಿಗೂ ಜಾಗವಿರಲೆಂದು ನಿರ್ಣಯ ಅಂಗೀಕರಿಸಿದವು. ಓದಿದರೆ ಎಲ್ಲವೂ ಒಂದೇ ಲಗ್ನಪತ್ರಿಕೆಯ ಪ್ರತಿಗಳಂತಿವೆ.

ಕಾನೂನಿನ ಬಲವಿಲ್ಲದ ಇಂಥ ಕಾಗದದಿಂದ ಏನು ಉಪಯೋಗ ಎಂದು ಕೇಳುವವರಿದ್ದಾರೆ. ಬಲವಿಲ್ಲದ್ದರಿಂದಲೇ ಅದು ಬದುಕಿದೆ. ರಾಜ್ಯಗಳು ಪರದೇಶದೊಡನೆ ಕರಾರು ಮಾಡಿಕೊಳ್ಳುವುದಕ್ಕೆ ಅಮೆರಿಕದ ಸಂವಿಧಾನ ಅಡ್ಡಿ ಹಾಕಿದೆ. ಬರ್ಮಾದಲ್ಲಿ ವ್ಯವಹಾರ ನಡೆಸುವ ಕಂಪನಿಗಳಿಂದ ಸರ್ಕಾರಿ ಖರೀದಿ ಬೇಡವೆಂದು 1996ರಲ್ಲಿ ಮಸಾಚುಸೆಟ್ಸ್ ನಿಜವಾದ ಕಾನೂನನ್ನೇ ಮಾಡಿತು. 2000ದಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಬರೀ ಅಭಿಪ್ರಾಯ ಹೇಳಿದವರ ತಂಟೆಗೆ ಯಾವ ಕೋರ್ಟೂ ಹೋಗುವುದಿಲ್ಲ. ಅಭಿಪ್ರಾಯವೂ ಕೆಲವೊಮ್ಮೆ ಕೆಲಸ ಮಾಡುತ್ತದೆ. ತೈವಾನಿನ ಅಧ್ಯಕ್ಷ ಲೀ ತೆಂಗ್-ಹುಯಿ ಅವರಿಗೆ ವೀಸಾ ಕೊಡಿ ಎಂದು 1995ರಲ್ಲಿ ಕಾಂಗ್ರೆಸ್ಸಿನ ಕೆಳಮನೆ 396–0 ಮತಗಳಿಂದ ಹೇಳಿತು. ಅದೂ ಸರ್ಕಾರವನ್ನು ಕಟ್ಟಿಹಾಕುವ ನಿರ್ಣಯವಲ್ಲ. ಆದರೂ ಕ್ಲಿಂಟನ್ ಸರ್ಕಾರ ಮಣಿಯಿತು, ಜೂನ್‌ನಲ್ಲಿ ಲೀ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂದರು. ಇದು ರಾಜ್ಯಗಳ ಮಾತಲ್ಲ, ನಿಜ. ಆದರೆ ಕಾಂಗ್ರೆಸ್ಸಿಗೆ ಹೋಗುವ ಎಷ್ಟೋ ಮಂದಿ ಮೊದಲು ರಾಜ್ಯದ ಸಭೆಯಲ್ಲಿ ಕೂತು ಬಂದವರು. ತೈಪೆ ಗೋಧಿಯ ಜೊತೆ ಕೊಂಡದ್ದು ಈ ಮುಂಚಿನ ಪರಿಚಯವನ್ನು ಎಂಬುದು ನನ್ನ ಎಣಿಕೆ.

ಹಾಗಾದರೆ ಇದು ಬರೀ ಬಾಯುಪಚಾರ, ಇದೇ ರಾಜ್ಯಗಳು ಚೀನಾದ ಜೊತೆಗೂ ನಂಟು ಬೆಳೆಸಿಲ್ಲವೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಬೆಳೆಸಿವೆ. ಅಯೋವಾ 1983ರಿಂದ ಚೀನಾದ ಹೆಬೆಯ್ ಪ್ರಾಂತ್ಯದ ಸೋದರ ರಾಜ್ಯ. 1985ರಲ್ಲಿ ಅಯೋವಾದ ಮಸ್ಕಟೀನ್ ಊರಿಗೆ ನಿಯೋಗದೊಡನೆ ಬಂದಿದ್ದ ಕಿರಿಯ ಅಧಿಕಾರಿ, ಮುಂದೆ ಚೀನಾದ ಅಧ್ಯಕ್ಷರಾದ ಷಿ ಜಿನ್‌ಪಿಂಗ್. ವರ್ತಕನಿಗೆ ಇಬ್ಬರು ಗಿರಾಕಿಗಳಿರುವುದು ಕಪಟವಲ್ಲ. ಆದರೆ ನಿರ್ಣಯಕ್ಕೆ ಖರ್ಚಿಲ್ಲದ ಕಾರಣ ಅದರ ಆಳವನ್ನು ಅಳೆಯುವುದು ಕಷ್ಟ ಎಂಬುದನ್ನು ಒಪ್ಪಲೇಬೇಕು. 2018ರ ಜುಲೈನಲ್ಲಿ ಚೀನಾ ಅಮೆರಿಕದ ಸೋಯಾ ಮೇಲೆ ಶೇ 25 ಸುಂಕ ಹೇರಿದಾಗ, ಸೆಪ್ಟೆಂಬರ್‌ನಲ್ಲಿ ತೈವಾನಿನ ನಿಯೋಗ ಬಂದು ಅಯೋವಾ, ಮಿನ್ನೆಸೋಟಾಗಳ ಸೋಯಾ ಕೊಳ್ಳುವ ಮಾತು ಕೊಟ್ಟಿತು. ಚೀನಾ ಕೊಳ್ಳುತ್ತಿದ್ದ ಪ್ರಮಾಣಕ್ಕೆ ಅದು ಸಾಟಿಯಾಗಲಿಲ್ಲ, ಅಯೋವಾ ಹೆಬೆಯ್ ನಂಟನ್ನು ಕಡಿದುಕೊಳ್ಳಲೂ ಇಲ್ಲ.