ಕಾವಲುಗಾರನ ಸಂಬಳ ಯಾರು ಕೊಟ್ಟರು? ಆ್ಯಂಟಿವೈರಸ್ ನಡೆದು ಬಂದ ದಾರಿ

ನಾವು ಸ್ಟ್ರಿಂಗರ್ ಕೆಲಸ ಹಿಡಿದ ಹೊಸದರಲ್ಲಿ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ. ಸುದ್ದಿ ಕಳಿಸಬೇಕೆಂದರೆ ತಾಲ್ಲೂಕು ಬಸ್ ನಿಲ್ದಾಣದ ಎದುರಿನ ಡಿಟಿಪಿ ಅಂಗಡಿಯೇ ಗತಿ. ಅಲ್ಲಿದ್ದದ್ದು ಒಂದೇ ಹಳೇ ಕಂಪ್ಯೂಟರ್. 512 ಎಂಬಿ ರ‍್ಯಾಮ್, ವಿಂಡೋಸ್ ಎಕ್ಸ್‌ಪಿ. ನುಡಿಯಲ್ಲಿ ಅರ್ಜಿ ಟೈಪ್ ಆಗುವುದೂ ಅದರಲ್ಲೇ, ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ ತಯಾರಾಗುವುದೂ ಅದರಲ್ಲೇ, ಊರವರ ಪಡಿತರ ಚೀಟಿ, ಜಾತಿ ಪ್ರಮಾಣಪತ್ರ, ಪಹಣಿ ಸ್ಕ್ಯಾನ್ ಆಗುವುದೂ ಅದರಲ್ಲೇ.

ಒಂದು ದಿನ ಪೆನ್‌ಡ್ರೈವ್ ಚುಚ್ಚಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿದ್ದವು. ಎರಡು ದಿನ ಓಡಾಡಿ ಬರೆದಿದ್ದ ಕೆರೆ ಒತ್ತುವರಿ ವರದಿ ಕಾಣಲಿಲ್ಲ. ಆ ವೈರಸ್ ಫೈಲ್ ಅಳಿಸುವುದಿಲ್ಲ, ಅಡಗಿಸುತ್ತದೆ ಅಷ್ಟೇ ಎಂಬುದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ನಾವೇ ಅವಸರಪಟ್ಟು ಫಾರ್ಮ್ಯಾಟ್ ಹೊಡೆಸಿದ್ದೆವು.

"ಅಣ್ಣಾರ, ಒಂದು ಆ್ಯಂಟಿವೈರಸ್ ಹಾಕಿಸಬಾರದೇನ್ರಿ?" ಎಂದು ಅಂಗಡಿಯವರನ್ನು ಕೇಳಿದೆವು.

"ಹಾಕಿದ್ರ ಪೇಜ್‌ಮೇಕರ್ ಏಳಂಗಿಲ್ಲ ತಮ್ಮಾ, ತಗದ್ರ ಪೆನ್‌ಡ್ರೈವ್ ಉಳಿಯಂಗಿಲ್ಲ. ಯಾವುದು ಬೇಕು ನೀನ ಹೇಳು."

ಅವರ ತಕ್ಕಡಿಯಲ್ಲಿದ್ದದ್ದು ಎರಡೇ ತಟ್ಟೆ. ಒಂದರಲ್ಲಿ ವೇಗ, ಇನ್ನೊಂದರಲ್ಲಿ ಕಾವಲು. ಕೊನೆಗೆ ಯಾರೋ ಹೇಳಿದರೆಂದು ಒಂದು ಪುಕ್ಕಟೆ, ಹಗುರವಾದ ಆ್ಯಂಟಿವೈರಸ್ ಹಾಕಿಸಿದರು. ಕಂಪ್ಯೂಟರ್ ಓಡಿತು, ಪೆನ್‌ಡ್ರೈವೂ ಉಳಿಯಿತು. ಪುಕ್ಕಟೆ ಕೊಟ್ಟವರಿಗೆ ಅನ್ನ ಎಲ್ಲಿಂದ ಬರುತ್ತದೆ ಎಂದು ಅವರೂ ಕೇಳಲಿಲ್ಲ, ಪ್ರಶ್ನೆ ಕೇಳುವುದನ್ನೇ ಡಿಪ್ಲೊಮಾದಲ್ಲಿ ಕಲಿತು ಬಂದಿದ್ದ ನಾವೂ ಕೇಳಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಈಗ ಬರೆಯುತ್ತಿದ್ದೇವೆ.

ಕಥೆ ಶುರುವಾಗುವುದು ಲಾಹೋರ್‌ನಲ್ಲಿ. ಐಬಿಎಂ ಮಾದರಿ ಪಿಸಿಗಳಿಗೆ ತಗುಲಿದ ಮೊದಲ ವೈರಸ್ ಎಂದು ಹೆಸರಾದ 'ಬ್ರೇನ್' ಹುಟ್ಟಿದ್ದು ಅಲ್ಲಿ, 1986ರಲ್ಲಿ. ಬರೆದವರು ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು. ತಾವು ಮಾಡಿದ್ದ ವೈದ್ಯಕೀಯ ಸಾಫ್ಟ್‌ವೇರನ್ನು ಜನ ಕದ್ದು ನಕಲು ಮಾಡುತ್ತಿದ್ದರು, ಅದನ್ನು ಪತ್ತೆ ಹಚ್ಚಲು ಹೀಗೆ ಮಾಡಿದೆವು ಎಂದು ಅವರೇ ಹೇಳಿದ್ದಾರೆ. ಬ್ರೇನ್ ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ದೇಶದೇಶ ಸುತ್ತಿತು. ತಮಾಷೆಯೆಂದರೆ ಆ ವೈರಸ್‌ನೊಳಗೆ ಇಬ್ಬರ ಹೆಸರು, ಅಂಗಡಿ ವಿಳಾಸ, ಫೋನ್ ನಂಬರ್ ಎಲ್ಲ ಇತ್ತು. ಕಳ್ಳನೇ ವಿಸಿಟಿಂಗ್ ಕಾರ್ಡ್ ಇಟ್ಟು ಹೋದ ಹಾಗೆ.

ವೈರಸ್ ಬಂದ ಬೆನ್ನಿಗೇ ಔಷಧದ ಅಂಗಡಿಗಳೂ ಎದ್ದವು. 1987ರಲ್ಲಿ ಅಮೆರಿಕದಲ್ಲಿ ಜಾನ್ ಮೆಕಾಫಿ ಕಂಪನಿ ಕಟ್ಟಿದರು. 1988ರಲ್ಲಿ, ಆಗಿನ್ನೂ ಕಮ್ಯುನಿಸ್ಟ್ ಆಳ್ವಿಕೆಯಲ್ಲಿದ್ದ ಚೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ ಪಾವೆಲ್ ಬೌಡಿಶ್ ಎಂಬ ತಜ್ಞರ ಕೈಗೆ 'ವಿಯೆನ್ನಾ' ಎಂಬ ವೈರಸ್ ಸಿಕ್ಕಿತು. ಅದನ್ನು ತೆಗೆಯುವ ಪ್ರೋಗ್ರಾಮ್ ಬರೆದರು. ಎಡ್ವರ್ಡ್ ಕುಚೆರಾ ಜೊತೆ ಸೇರಿ ನಮ್ಮ ಹಾಲಿನ ಸೊಸೈಟಿಯ ಹಾಗೆ ಒಂದು ಸಹಕಾರಿ ಸಂಘ ಮಾಡಿಕೊಂಡರು. ಮುಂದೆ ಅವಾಸ್ಟ್ ಎಂದು ಲೋಕಕ್ಕೆಲ್ಲ ಗೊತ್ತಾದದ್ದು ಅದೇ. ಈ ಹೆಸರು ನೆನಪಿನಲ್ಲಿರಲಿ, ಮತ್ತೆ ಬರುತ್ತೇವೆ.

1992ರ ಮಾರ್ಚ್ 6ಕ್ಕೆ 'ಮೈಕೆಲೆಂಜೆಲೊ' ಎಂಬ ವೈರಸ್ ಎದ್ದು ಲಕ್ಷಗಟ್ಟಲೆ ಕಂಪ್ಯೂಟರ್ ಹಾಳು ಮಾಡುತ್ತದೆ ಎಂದು ಪತ್ರಿಕೆಗಳು ಬರೆದವು. ಆದದ್ದು ಅದರ ಒಂದು ಚೂರು ಮಾತ್ರ. ಆದರೆ ಆ್ಯಂಟಿವೈರಸ್ ವ್ಯಾಪಾರ ಕುದುರಿತು. (ಭಯ ಮಾರುವುದರಲ್ಲಿ ನಮ್ಮ ಕಸುಬಿನವರ ಪಾಲೂ ಇದೆ, ಒಪ್ಪಿಕೊಳ್ಳೋಣ.) ಇತ್ತ ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿಯಿಂದ ಮೇಲೆ ಬಂದ ಕೈಲಾಶ್ ಕಾಟ್ಕರ್ ಮತ್ತು ತಮ್ಮ ಸಂಜಯ್ ಕಾಟ್ಕರ್ ತೊಂಬತ್ತರ ದಶಕದಲ್ಲಿ ಕ್ವಿಕ್ ಹೀಲ್ ಹೊರತಂದರು. ನಮ್ಮ ತಾಲ್ಲೂಕುಗಳ ಕಂಪ್ಯೂಟರ್ ಅಂಗಡಿಗಳ ಗಾಜಿನ ಕಪಾಟಿನಲ್ಲಿ ಅದರ ಸಿಡಿ ಡಬ್ಬಿ ಸಾಲಾಗಿ ಇರುತ್ತಿದ್ದದ್ದು ನಿಮಗೂ ನೆನಪಿರಬಹುದು.

ಈಗ ಡಿಟಿಪಿ ಅಣ್ಣನ ಮಾತಿಗೆ ಬರೋಣ. ಆ್ಯಂಟಿವೈರಸ್ ಹಾಕಿದರೆ ಕಂಪ್ಯೂಟರ್ ಯಾಕೆ ಏಳುತ್ತಿರಲಿಲ್ಲ?

ಪೊಲೀಸ್ ಠಾಣೆಯಲ್ಲಿ ರೌಡಿ ಶೀಟರ್‌ಗಳ ಪಟ್ಟಿ ಇರುತ್ತದಲ್ಲ, ಹಳೇ ಆ್ಯಂಟಿವೈರಸ್ ಕೆಲಸವೂ ಹಾಗೆಯೇ. ಗೊತ್ತಿರುವ ವೈರಸ್‌ಗಳ ಗುರುತಿನ ಪಟ್ಟಿ ಒಂದು ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲೇ ಕೂತಿರುತ್ತದೆ. ನೀವು ಫೈಲ್ ತೆರೆದಾಗಲೆಲ್ಲ ಅದು ಆ ಫೈಲನ್ನು ತಡೆದು ನಿಲ್ಲಿಸಿ, ಪಟ್ಟಿಗೆ ಹೋಲಿಸಿ, ಆಮೇಲೆ ಒಳಗೆ ಬಿಡುತ್ತದೆ. ವೈರಸ್‌ಗಳು ನೂರರಲ್ಲಿದ್ದಾಗ ಇದು ನಡೆಯಿತು. ಲಕ್ಷ ದಾಟಿದ ಮೇಲೆ ಪಟ್ಟಿ ಊದಿಕೊಂಡಿತು, ದಿನಾ ಹೊಸ ಪಟ್ಟಿ ಇಳಿಸಿಕೊಳ್ಳಬೇಕಾಯಿತು. ಬಡ ಕಂಪ್ಯೂಟರ್ ಮುಗ್ಗರಿಸಿತು. ಈ ಭಾರಕ್ಕೆ ಹೆಸರುವಾಸಿಯಾಗಿದ್ದ ನಾರ್ಟನ್ 2008ರಲ್ಲಿ ತನ್ನ ಮುಂದಿನ ವರ್ಷದ ಆವೃತ್ತಿ ಬಿಟ್ಟಾಗ, ಇದು ಹಗುರ, ಇದು ವೇಗ ಎಂಬುದನ್ನೇ ಮುಖ್ಯ ಜಾಹೀರಾತು ಮಾಡಿಕೊಂಡಿತು.

ಹಗುರ ಮಾಡಿದ ಉಪಾಯಗಳಲ್ಲಿ ದೊಡ್ಡದೇ ಇಲ್ಲಿ ಮುಖ್ಯ. ಇಡೀ ಪಟ್ಟಿಯನ್ನು ಪ್ರತಿ ಹಳ್ಳಿಯ ಕಾವಲುಗಾರನ ತಲೆ ಮೇಲೆ ಹೊರಿಸುವುದು ಬೇಡ, ಪಟ್ಟಿ ಹೆಡ್ ಆಫೀಸಿನಲ್ಲಿರಲಿ, ಅನುಮಾನ ಬಂದಾಗ ಕಾವಲುಗಾರ ಫೋನ್ ಮಾಡಿ ಕೇಳಲಿ. ಇದನ್ನೇ ಕ್ಲೌಡ್ ಎನ್ನುತ್ತಾರೆ. ಫೈಲ್‌ನ ಬೆರಳಚ್ಚಿನಂಥ ಒಂದು ಗುರುತು, ನೀವು ತೆರೆಯಲು ಹೊರಟ ವೆಬ್‌ಸೈಟ್‌ನ ವಿಳಾಸ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಒಳ್ಳೆಯದೋ ಕೆಟ್ಟದ್ದೋ ಎಂಬ ಉತ್ತರ ಬರುತ್ತದೆ. ನಿಮ್ಮ ಯಂತ್ರಕ್ಕೆ ಭಾರ ಕಡಿಮೆ, ಹೊಸ ವೈರಸ್ ಬೇಗ ಸಿಗುತ್ತದೆ. ಇದರಲ್ಲಿ ಮೋಸವೇನಿಲ್ಲ, ನಿಜಕ್ಕೂ ಒಳ್ಳೆಯ ಉಪಾಯ.

ಆದರೆ ಅಲ್ಲಿಂದ ಕಾವಲುಗಾರನಿಗೆ ಹೊಸದೊಂದು ಅಭ್ಯಾಸ ಆಯಿತು. ನೀವು ಯಾವ ಬಾಗಿಲು ತಟ್ಟಿದಿರಿ ಎಂಬುದನ್ನು ಅವನು ದಿನವಿಡೀ ಹೊರಗೆ ಹೇಳತೊಡಗಿದ. ಆ ಮಾತು ಕೇಳಿಸಿಕೊಂಡವರು ಅದನ್ನು ಏನು ಮಾಡಿದರು ಎಂಬಲ್ಲಿ ನಮ್ಮ ಕಥೆ ಪ್ರಾಗ್‌ಗೆ ವಾಪಸ್ ಹೋಗುತ್ತದೆ.

ಅವಾಸ್ಟ್ 2001ರಲ್ಲಿ ಮನೆ ಬಳಕೆಯ ಆವೃತ್ತಿಯನ್ನು ಪುಕ್ಕಟೆ ಕೊಡಲು ಶುರು ಮಾಡಿತ್ತು. ಜನ ಮುಗಿಬಿದ್ದರು. 2016ರಲ್ಲಿ ಅದು ತನ್ನಂತೆಯೇ ಪುಕ್ಕಟೆ ಕೊಡುತ್ತಿದ್ದ ಎವಿಜಿಯನ್ನೂ 130 ಕೋಟಿ ಡಾಲರ್‌ಗೆ ಕೊಂಡಿತು. ಇದಕ್ಕೂ ಮೊದಲು, 2013ರಲ್ಲಿ, ಜಂಪ್‌ಶಾಟ್ ಎಂಬ ಸಣ್ಣ ಕಂಪನಿಯನ್ನು ತೆಗೆದುಕೊಂಡಿತ್ತು. ಆ ಜಂಪ್‌ಶಾಟ್ ಮಾಡಿದ ಕೆಲಸವೆಂದರೆ, ಆ್ಯಂಟಿವೈರಸ್ ಮತ್ತು ಅದರ ಬ್ರೌಸರ್ ಎಕ್ಸ್‌ಟೆನ್ಶನ್‌ಗಳ ಮೂಲಕ ಬಂದ ಜನರ ಓಡಾಟದ ಲೆಕ್ಕವನ್ನು ಬೇರೆ ಕಂಪನಿಗಳಿಗೆ ಮಾರುವುದು. ಯಾರು ಏನು ಹುಡುಕಿದರು, ಯಾವ ಪುಟ ನೋಡಿದರು, ಎಷ್ಟು ಗಂಟೆಗೆ ನೋಡಿದರು. 10 ಕೋಟಿ ಸಾಧನಗಳ ಮಾಹಿತಿ ತನ್ನಲ್ಲಿದೆ ಎಂದು ಜಂಪ್‌ಶಾಟ್ ಹೇಳಿಕೊಳ್ಳುತ್ತಿತ್ತು.

2019ರ ಅಕ್ಟೋಬರ್‌ನಲ್ಲಿ ವ್ಲಾದಿಮಿರ್ ಪಲಾಂಟ್ ಎಂಬ ತಜ್ಞ, ಅವಾಸ್ಟ್‌ನ ಎಕ್ಸ್‌ಟೆನ್ಶನ್ ತನ್ನ ಕೆಲಸಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಮಾಹಿತಿ ಹೊರಗೆ ಕಳಿಸುತ್ತಿದೆ ಎಂದು ಬಿಡಿಸಿ ತೋರಿಸಿದರು. ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ ಮತ್ತು ಒಪೇರಾ ಆ ಎಕ್ಸ್‌ಟೆನ್ಶನ್‌ಗಳನ್ನು ತಮ್ಮ ಪಟ್ಟಿಯಿಂದ ಕೆಳಗಿಳಿಸಿದವು. 2020ರ ಜನವರಿಯಲ್ಲಿ ಮದರ್‌ಬೋರ್ಡ್ ಮತ್ತು ಪಿಸಿಮ್ಯಾಗ್ ಎಂಬ ಎರಡು ಪತ್ರಿಕಾ ಸಂಸ್ಥೆಗಳು ಕೂಡಿ ತನಿಖಾ ವರದಿ ಹಾಕಿದವು. ವರದಿ ಬಂದು ಮೂರೇ ದಿನಕ್ಕೆ, ಜನವರಿ 30ರಂದು, ಜಂಪ್‌ಶಾಟ್ ಮುಚ್ಚುವುದಾಗಿ ಅವಾಸ್ಟ್ ಪ್ರಕಟಿಸಿತು.

ಹೆಸರು, ಇಮೇಲ್ ತೆಗೆದೇ ಮಾರುತ್ತಿದ್ದೆವು ಎಂಬುದು ಕಂಪನಿಯ ವಾದ. ಇದನ್ನು ಊರಿನ ಲೆಕ್ಕದಲ್ಲಿ ನೋಡಿ. ನಿಮ್ಮೂರಿನ ಒಬ್ಬರ ದಿನಚರಿ ಬರೆದು ಹೆಸರು ಮಾತ್ರ ಅಳಿಸಿಬಿಡಿ. ಬೆಳಿಗ್ಗೆ 6ಕ್ಕೆ ಡೇರಿಗೆ ಮೂರು ಲೀಟರ್ ಹಾಲು, 8ಕ್ಕೆ ಅಂಗನವಾಡಿ ಬೀಗ ತೆಗೆದದ್ದು, ಮಧ್ಯಾಹ್ನ 3ಕ್ಕೆ ಸ್ವಸಹಾಯ ಸಂಘದ ಕಂತು, ಸಂಜೆ ಜಿಲ್ಲಾಸ್ಪತ್ರೆಯ ಒಂದು ವಿಭಾಗದ ಮುಂದೆ ಸರದಿ. ಹೆಸರು ಬೇಕೇ? ಅಗಸೀಕಟ್ಟೆ ಮೇಲೆ ಕೂತವರು ಒಂದು ನಿಮಿಷದಲ್ಲಿ ಹೇಳುತ್ತಾರೆ, ಅದರ ಜೊತೆಗೆ ಆಸ್ಪತ್ರೆಗೆ ಯಾಕೆ ಹೋದರು ಎಂಬುದೂ ಊರಿಗೆ ಗೊತ್ತಾಗುತ್ತದೆ. ಕಂಪ್ಯೂಟರ್‌ನಲ್ಲೂ ಹೀಗೆಯೇ. ಇಂಥ ಸಮಯಕ್ಕೆ ಇಂಥ ವಸ್ತು ಕೊಂಡರು ಎಂಬ ಸಾಲು ಮಾರಿದ ಅಂಗಡಿಯ ಕೈಗೆ ಸಿಕ್ಕರೆ, ಅವರ ಬಳಿ ಹೆಸರು ಮೊದಲೇ ಇರುತ್ತದೆ. ಎರಡನ್ನೂ ಜೋಡಿಸಿದರೆ ಆಯಿತು.

2024ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅವಾಸ್ಟ್ ಮೇಲೆ ಕ್ರಮ ಪ್ರಕಟಿಸಿತು. ಜಂಪ್‌ಶಾಟ್ 100ಕ್ಕೂ ಹೆಚ್ಚು ಕಂಪನಿಗಳಿಗೆ ಮಾಹಿತಿ ಮಾರಿದೆ, 2014ರಿಂದ ಕೂಡಿಟ್ಟದ್ದು 8 ಪೆಟಾಬೈಟ್ ದಾಟಿದೆ ಎಂದು ಕಮಿಷನ್ ಹೇಳಿತು. 8 ಪೆಟಾಬೈಟ್ ಎಂದರೆ ಸುಮಾರು 80 ಲಕ್ಷ ಜಿಬಿ. ಜನರ ಕಾಯಿಲೆ, ಧರ್ಮ, ರಾಜಕೀಯ ಒಲವು, ಹಣಕಾಸಿನ ಸ್ಥಿತಿ ತಿಳಿಯುವಂಥ ಪುಟಗಳೂ ಅದರಲ್ಲಿದ್ದವು. 1 ಕೋಟಿ 65 ಲಕ್ಷ ಡಾಲರ್ ಕಟ್ಟಬೇಕು, ಜಾಹೀರಾತಿಗಾಗಿ ಇಂಥ ಮಾಹಿತಿ ಮಾರಬಾರದು ಎಂದಾಯಿತು. ಆರೋಪ ಒಪ್ಪುವುದಿಲ್ಲ ಎನ್ನುತ್ತಲೇ ಕಂಪನಿ ರಾಜಿಗೆ ಬಂತು. ಅದೇ ವರ್ಷ ಚೆಕ್ ದೇಶದ ಮಾಹಿತಿ ರಕ್ಷಣಾ ಕಚೇರಿಯೂ 35 ಕೋಟಿ 10 ಲಕ್ಷ ಕೊರುನಾ ದಂಡ ಹಾಕಿತು.

ನಮಗೆ ಚುಚ್ಚಿದ್ದು ಇನ್ನೊಂದು ವಿವರ. ಅಮೆರಿಕದ ಆ ಹಣದಲ್ಲಿ ಪರಿಹಾರ ಕೇಳಲು ಕಮಿಷನ್ ಬರೆದು ತಿಳಿಸಿದ್ದು 2014ರ ಆಗಸ್ಟ್‌ನಿಂದ 2020ರ ಜನವರಿಯೊಳಗೆ ಅವಾಸ್ಟನ್ನು ದುಡ್ಡು ಕೊಟ್ಟು ಕೊಂಡವರಿಗೆ. ಪುಕ್ಕಟೆ ಬಳಸಿದವರು ಆ ಲೆಕ್ಕದಲ್ಲಿ ಇರಲಿಲ್ಲ.

ಹಾಗಂತ ದುಡ್ಡು ಕೊಟ್ಟರೆ ಗುಟ್ಟು ಉಳಿಯುತ್ತದೆ ಎಂದೂ ಹೇಳಲಾಗದು. ಆ್ಯಂಟಿವೈರಸ್‌ಗೆ ಮನೆಯ ಎಲ್ಲ ಕೋಣೆಗಳ ಕೀಲಿ ಕೊಟ್ಟಿರುತ್ತೇವೆ, ಪುಕ್ಕಟೆಯದಾದರೂ ದುಡ್ಡಿನದಾದರೂ. ಕಾಸ್ಪರ್‌ಸ್ಕಿಯ ವಿಷಯದಲ್ಲಿ ಹೀಗೇ ಆಯಿತು. ಅಮೆರಿಕದ ಒಂದು ಮನೆಯ ಕಂಪ್ಯೂಟರ್‌ನಲ್ಲಿ ತನ್ನ ಸಾಫ್ಟ್‌ವೇರ್ ಅನುಮಾನದ ಫೈಲ್ ಕಂಡು ಪರೀಕ್ಷೆಗೆ ತರಿಸಿಕೊಂಡಿತು, ಅದರಲ್ಲಿ ಗುಪ್ತಚರ ಸಂಸ್ಥೆಗೆ ಸೇರಿದ್ದೆನ್ನಲಾದ ಕೋಡ್ ಇತ್ತು, ನಾವು ಅಳಿಸಿಬಿಟ್ಟೆವು ಎಂದು 2017ರಲ್ಲಿ ಆ ಕಂಪನಿಯೇ ಹೇಳಿತು. ಅದೇ ವರ್ಷ ಅಮೆರಿಕ ತನ್ನ ಕೇಂದ್ರ ಸರ್ಕಾರಿ ಕಚೇರಿಗಳಿಂದ ಅದನ್ನು ತೆಗೆಸಿತು, 2024ರಲ್ಲಿ ದೇಶದಲ್ಲೇ ಮಾರಾಟ ನಿಲ್ಲಿಸಿತು. ಅದರಲ್ಲಿ ರಾಜಕೀಯ ಎಷ್ಟು, ಭದ್ರತೆ ಎಷ್ಟು ಎಂಬ ಜಗಳ ಬೇರೆ.

ಆ ಕೀಲಿ ಕೈತಪ್ಪಿದರೆ ವೇಗದ ಮಾತಿರಲಿ, ಯಂತ್ರವೇ ಏಳುವುದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತವು. ಬೆಂಗಳೂರು ವಿಮಾನ ನಿಲ್ದಾಣಕ್ಕೂ ಬಿಸಿ ತಟ್ಟಿತು. ದೇಶದ ಕೆಲವೆಡೆ ಬೋರ್ಡಿಂಗ್ ಪಾಸ್‌ಗಳನ್ನು ಬಸ್ ಕಂಡಕ್ಟರ್ ಚೀಟಿ ಬರೆದ ಹಾಗೆ ಕೈಯಲ್ಲಿ ಬರೆದು ಕೊಟ್ಟರು.

ನೀವು ಇದನ್ನು ಫೋನಿನಲ್ಲೇ ಓದುತ್ತಿದ್ದೀರಿ, ಫೋನಿನ ಮಾತನ್ನೂ ಹೇಳಿಬಿಡೋಣ. 'ಫೋನ್ ಸ್ಲೋ ಆಗಿದೆ, ವೈರಸ್ ಇದೆ, ಕ್ಲೀನ್ ಮಾಡಿ' ಎಂಬ ಜಾಹೀರಾತು ದಿನಾ ಬರುತ್ತವೆ. 2019ರಲ್ಲಿ ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಎಂಬ ಪರೀಕ್ಷಾ ಸಂಸ್ಥೆ ಆಂಡ್ರಾಯ್ಡ್‌ನ 250 ಆ್ಯಂಟಿವೈರಸ್ ಆ್ಯಪ್‌ಗಳಿಗೆ 2000 ಕೆಟ್ಟ ಆ್ಯಪ್‌ಗಳನ್ನು ತೋರಿಸಿ ನೋಡಿತು. ನೂರಕ್ಕೆ 30ರಷ್ಟನ್ನಾದರೂ ಹಿಡಿದವು 80 ಮಾತ್ರ. ಉಳಿದವು ಕಾವಲೂ ಅಲ್ಲ, ಹಗುರವೂ ಅಲ್ಲ. ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಎಂದು ಬರುವ ಎಪಿಕೆ ಫೈಲ್ ಒತ್ತದೇ ಇದ್ದರೆ ಅರ್ಧ ಕಾವಲು ಅಲ್ಲಿಗೇ ಆಯಿತು.

ಡಿಟಿಪಿ ಅಂಗಡಿ ಈಗಲೂ ಇದೆ. ಅಣ್ಣನ ಮಗ ನೋಡಿಕೊಳ್ಳುತ್ತಾನೆ. ಹೊಸ ಕಂಪ್ಯೂಟರ್, ವಿಂಡೋಸ್ 11. ಅದರೊಳಗೇ ಡಿಫೆಂಡರ್ ಇರುವುದರಿಂದ ಬೇರೆ ಆ್ಯಂಟಿವೈರಸ್ ಬೇಡ ಎಂದೆವು. ಆದರೆ ಡಿಫೆಂಡರ್ ಕೂಡ ಹೆಡ್ ಆಫೀಸಿಗೆ ಫೋನ್ ಮಾಡುವ ಕಾವಲುಗಾರನೇ. ಸೆಟ್ಟಿಂಗ್ಸ್ ತೆರೆದು ಅವನೊಂದಿಗೆ ಕೂತೆವು. ಕ್ಲೌಡ್‌ನಲ್ಲಿ ಕೇಳುವುದನ್ನು ಹಾಗೇ ಬಿಟ್ಟೆವು, ಪೆನ್‌ಡ್ರೈವ್‌ಗಳ ಊರಲ್ಲಿ ಅದು ಬೇಕು. ಅನುಮಾನದ ಫೈಲನ್ನೇ ತಾನಾಗಿ ಕಳಿಸುವ ಸೌಲಭ್ಯವನ್ನು ಮಾತ್ರ ಆಫ್ ಮಾಡಿದೆವು. ವೈಯಕ್ತಿಕ ಮಾಹಿತಿ ಇರಬಹುದಾದ ಫೈಲ್ ಇದ್ದರೆ ಕೇಳಿಯೇ ಕಳಿಸುತ್ತೇವೆ ಎನ್ನುತ್ತದೆ ಮೈಕ್ರೋಸಾಫ್ಟ್. ಇರಬಹುದು. ಆದರೆ ಆ ಡಿಸ್ಕ್‌ನಲ್ಲಿ ಹತ್ತಾರು ಹಳ್ಳಿಗಳ ಆಧಾರ್ ಪ್ರತಿ ಬಿದ್ದಿವೆ, ಅವು ಅವನವೂ ಅಲ್ಲ, ನಮ್ಮವೂ ಅಲ್ಲ. ಹಳೇ ಸ್ಕ್ಯಾನ್‌ಗಳನ್ನು ವಾರಕ್ಕೊಮ್ಮೆ ಅಳಿಸು ಎಂದೂ ಹೇಳಿದೆವು.

ಆಫ್ ಮಾಡಿದ್ದಕ್ಕೆ ವಿಂಡೋಸ್ ಮೂಲೆಯಲ್ಲಿ ಒಂದು ಹಳದಿ ಗುರುತು ತೋರಿಸಿತು.

"ಇದೇನ್ ಕಾಕಾ, ವೈರಸ್ ಬಂತೇನು?" ಎಂದ ಹುಡುಗ.

"ಇಲ್ಲಪ್ಪ, ಫೈಲ್ ಕಳಸಂಗಿಲ್ಲ ಅಂದದ್ದಕ್ಕ ಹಂಗ ಮಾಡಾಕತ್ತೈತಿ. ಡಿಸ್‌ಮಿಸ್ ಒತ್ತು, ಹೊಕ್ಕೈತಿ."

ಒತ್ತಿದ. ಹೋಯಿತು. ಆಮೇಲೆ ಪಹಣಿಗೆ ಬಂದವರ ಸರದಿ ಇತ್ತು, ನಾವು ಎದ್ದು ಬಂದೆವು.