ಕೈಕೊಡಲಿಯಲ್ಲಿ ಕೆತ್ತಿದ ಪ್ರೊಪೆಲ್ಲರ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದ್ದರು. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ಬಹಳ ಮಂದಿ ಇದ್ದಾರೆ, ನಾನು ಬೇರೆ ಏನಾದರೂ ಬರೆಯಲೇ ಎಂದು ಕೇಳಿದೆ. "ಬರೀಪ್ಪ, ಮಕ್ಕಳಿಗೆ ಉಪಯೋಗ ಆಗೋ ಹಾಗಿದ್ರೆ ಸಾಕು" ಎಂದರು. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಆದರೆ ಕೆಲವು ವರ್ಷಗಳಿಂದ ನಾನು ಬಿಡುವಿದ್ದಾಗಲೆಲ್ಲ ಓದುತ್ತಿರುವುದು ಒಂದು ಮರಗೆಲಸದ ಚರಿತ್ರೆಯನ್ನು. ಅದು ವಿಮಾನದ ಮರದ ಪ್ರೊಪೆಲ್ಲರಿನ ಚರಿತ್ರೆ.

ಪ್ರೊಪೆಲ್ಲರ್ ಎಂದರೆ ಹಳೆಯ ವಿಮಾನಗಳ ಮೂತಿಯಲ್ಲಿ ತಿರುಗುವ ಫ್ಯಾನು. ಮನೆಯ ಫ್ಯಾನು ಗಾಳಿಯನ್ನು ನಮ್ಮ ಕಡೆ ತಳ್ಳುತ್ತದೆ, ತಾನು ಸೂರಿಗೆ ನೇತುಬಿದ್ದೇ ಇರುತ್ತದೆ. ವಿಮಾನದ ಪ್ರೊಪೆಲ್ಲರ್ ಗಾಳಿಯನ್ನು ಹಿಂದಕ್ಕೆ ತಳ್ಳಿ ವಿಮಾನವನ್ನೇ ಮುಂದಕ್ಕೆ ಒಯ್ಯುತ್ತದೆ. ರೈಟ್ ಸಹೋದರರ ಪಾಠ ಓದಿದಾಗ ರೆಕ್ಕೆಯ ವಿಷಯ ಓದುತ್ತೇವೆ, ಎಂಜಿನ್ನಿನ ವಿಷಯ ಓದುತ್ತೇವೆ. ನಡುವೆ ಇದ್ದ ಈ ಮರದ ತುಂಡನ್ನು ಯಾರೂ ಕೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಅವರ ಅತ್ಯಂತ ಕಷ್ಟದ ಕೆಲಸ ಅದೇ.

ವಿಲ್ಬರ್ ಮತ್ತು ಆರ್ವಿಲ್ ರೈಟ್ ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಕಾಲೇಜು ಹೋಗಲಿ, ಹೈಸ್ಕೂಲಿನ ಸರ್ಟಿಫಿಕೇಟೂ ಇಬ್ಬರ ಕೈಗೂ ಬಂದಿರಲಿಲ್ಲ. (ಇದನ್ನು ಓದಿ ಯಾವ ವಿದ್ಯಾರ್ಥಿಯೂ ಶಾಲೆ ಬಿಡುವ ಯೋಚನೆ ಮಾಡಬಾರದು. ಅವರ ಮನೆತುಂಬ ಪುಸ್ತಕಗಳಿದ್ದವು, ಇಬ್ಬರೂ ಬಿಡದೆ ಓದುತ್ತಿದ್ದರು.) 1901ರಲ್ಲಿ ಆರು ಅಡಿ ಉದ್ದದ ಒಂದು ಮರದ ಪೆಟ್ಟಿಗೆಯಲ್ಲಿ ಗಾಳಿ ಹಾಯಿಸಿ, ಪುಟ್ಟ ಪುಟ್ಟ ರೆಕ್ಕೆಗಳನ್ನಿಟ್ಟು ಯಾವ ಆಕಾರ ಎಷ್ಟು ಎತ್ತುತ್ತದೆ ಎಂದು ಅಳೆದಿದ್ದರು. 1902ರಲ್ಲಿ ಎಂಜಿನ್ ಇಲ್ಲದ ಗ್ಲೈಡರ್ ಅವರ ಮಾತು ಕೇಳತೊಡಗಿತು. ಇನ್ನು ಎಂಜಿನ್ ಕೂರಿಸಿ ಪ್ರೊಪೆಲ್ಲರ್ ಹಾಕಿದರೆ ಆಯಿತು ಎಂದುಕೊಂಡರು. ಹಡಗಿನವರು ಅಷ್ಟು ಕಾಲದಿಂದ ನೀರಿನಲ್ಲಿ ಪ್ರೊಪೆಲ್ಲರ್ ತಿರುಗಿಸುತ್ತಿದ್ದಾರಲ್ಲ, ಅವರ ಸೂತ್ರ ಸಿಕ್ಕರೆ ಗಾಳಿಗೆ ಹೊಂದಿಸಿಕೊಳ್ಳೋಣ ಎಂದು ಪುಸ್ತಕ ಹುಡುಕಿದರು. ಲೆಕ್ಕಕ್ಕೆ ಒದಗುವ ಸೂತ್ರವೇ ಸಿಗಲಿಲ್ಲ. ಹಡಗಿನವರೂ ಒಂದು ಮಾಡಿ ನೋಡುವುದು, ಆಗದಿದ್ದರೆ ಇನ್ನೊಂದು ಮಾಡುವುದು, ಹೀಗೇ ನಡೆಸಿಕೊಂಡು ಬಂದಿದ್ದರು.

ಅಲ್ಲಿಂದ ಅಣ್ಣತಮ್ಮಂದಿರ ನಡುವೆ ತಿಂಗಳುಗಟ್ಟಲೆ ವಾದ ನಡೆಯಿತು. ಎಷ್ಟು ವಾದ ಎಂದರೆ, ಕೊನೆಗೆ ಅಣ್ಣ ತಮ್ಮನ ಪಕ್ಷ ಹಿಡಿದು, ತಮ್ಮ ಅಣ್ಣನ ಪಕ್ಷ ಹಿಡಿದು ಮತ್ತೆ ಮೊದಲಿನಿಂದ ಜಗಳವಾಡುತ್ತಿದ್ದರಂತೆ. ಹೊಳೆದದ್ದು ಇಷ್ಟು: ಪ್ರೊಪೆಲ್ಲರ್ ಎಂದರೆ ಗಾಳಿಯನ್ನು ಹೊಡೆಯುವ ಹುಟ್ಟು ಅಲ್ಲ, ಸುತ್ತುತ್ತಾ ಹಾರುವ ರೆಕ್ಕೆ. ಹಾಗಾದರೆ ಪೆಟ್ಟಿಗೆಯಲ್ಲಿ ಅಳೆದಿಟ್ಟ ಅಂಕಿಗಳು ಇಲ್ಲೂ ಕೆಲಸಕ್ಕೆ ಬರುತ್ತವೆ. ಆದರೆ ಒಂದು ತೊಡಕಿದೆ. ವಿಮಾನದ ರೆಕ್ಕೆ ಬುಡದಿಂದ ತುದಿಯವರೆಗೂ ಒಂದೇ ವೇಗದಲ್ಲಿ ಹೋಗುತ್ತದೆ. ಪ್ರೊಪೆಲ್ಲರಿನ ಅಲಗು ಹಾಗಲ್ಲ, ಬುಡ ನಿಧಾನ, ತುದಿ ಬಿರುಸು.

ಇದನ್ನು ಹತ್ತನೆಯ ತರಗತಿಯ ಮಕ್ಕಳು ತಾವೇ ಲೆಕ್ಕ ಹಾಕಿ ನೋಡಬಹುದು. ಒಂದು ಸುತ್ತಿಗೆ ನಾಲ್ಕು ಅಡಿ ಮುಂದೆ ಹೋಗಬೇಕಾದ ಪ್ರೊಪೆಲ್ಲರ್ ಎಂದುಕೊಳ್ಳಿ. ನಡುವಿನಿಂದ ಒಂದು ಅಡಿ ದೂರದ ಬಿಂದು ಒಂದು ಸುತ್ತಿಗೆ 6.28 ಅಡಿ ಸುತ್ತುತ್ತದೆ. ಅಲ್ಲಿ ಅಲಗಿನ ಓರೆಯ ಟ್ಯಾನ್ ಬೆಲೆ 4 ಭಾಗಿಸು 6.28, ಅಂದರೆ ಕೋನ ಸುಮಾರು ಮೂವತ್ತೆರಡೂವರೆ ಡಿಗ್ರಿ. ಮೂರು ಅಡಿ ದೂರದಲ್ಲಿ ಸುತ್ತಳತೆ 18.85 ಅಡಿ, ಕೋನ ಬರೀ 12 ಡಿಗ್ರಿ. ಬುಡದಲ್ಲಿ ಕಡಿದಾಗಿ ನಿಂತ ಅಲಗು ತುದಿಗೆ ಹೋಗುತ್ತಾ ಮಲಗಬೇಕು. ಪ್ರೊಪೆಲ್ಲರ್ ತಿರುಚಿದಂತೆ ಕಾಣುವುದು ಇದಕ್ಕೇ. "ತ್ರಿಕೋನಮಿತಿ ಯಾಕೆ ಸಾರ್ ಓದಬೇಕು" ಎಂದು ನಮ್ಮ ತರಗತಿಯಲ್ಲಿ ಕೇಳುತ್ತಿದ್ದ ಗೆಳೆಯರು ಈ ಸಂಚಿಕೆ ಓದುತ್ತಿದ್ದರೆ ಇದು ಅವರಿಗೆ.

ಲೆಕ್ಕ ಕಾಗದದ ಮೇಲೆ ಮುಗಿಯಿತು. ಈಗ ಅದನ್ನು ಮರದಲ್ಲಿ ತೆಗೆಯಬೇಕು. ಸ್ಪ್ರೂಸ್ ಎಂಬ ಹಗುರ ಮರದ, ಇಂಚಿಗಿಂತ ತುಸು ದಪ್ಪದ ಮೂರು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿದರು. ಕೈಕೊಡಲಿಯಿಂದ ಒರಟಾಗಿ ಕಡಿದರು. ಆಮೇಲೆ ಎರಡು ತುದಿಯಲ್ಲೂ ಹಿಡಿ ಇರುವ, ತನ್ನತ್ತ ಎಳೆದು ಕೆರೆಯುವ ಕತ್ತಿಯಿಂದ ಆಕಾರಕ್ಕೆ ತಂದರು. ಎಂಟೂವರೆ ಅಡಿ ಉದ್ದದ ಎರಡು ಪ್ರೊಪೆಲ್ಲರುಗಳು. ಸುಮಾರು 12 ಅಶ್ವಶಕ್ತಿಯ ಒಂದು ಎಂಜಿನ್ ಸೈಕಲ್ ಚೈನಿನಂಥ ಚೈನುಗಳಿಂದ ಎರಡನ್ನೂ ತಿರುಗಿಸುತ್ತಿತ್ತು. ಎರಡೂ ಒಂದೇ ಕಡೆ ತಿರುಗಿದರೆ ವಿಮಾನ ವಾಲುತ್ತದೆಂದು ಒಂದು ಚೈನನ್ನು ಎಂಟರ ಆಕಾರದಲ್ಲಿ ಅಡ್ಡ ಹಾಯಿಸಿ ಎದುರು ದಿಕ್ಕಿಗೆ ತಿರುಗುವಂತೆ ಮಾಡಿದರು. ಸೈಕಲ್ ಅಂಗಡಿಯವರಿಗೆ ಹೊಳೆಯುವ ಉಪಾಯ.

1903ರ ಡಿಸೆಂಬರ್ 17ರಂದು ಕಿಟಿ ಹಾಕ್ ಹತ್ತಿರದ ಮರಳದಿಣ್ಣೆಗಳಲ್ಲಿ ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಅದೇ ದಿನದ ನಾಲ್ಕನೆಯದು 59 ಸೆಕೆಂಡು, 852 ಅಡಿ. ಎಂಜಿನ್ನಿನ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲು ಪ್ರೊಪೆಲ್ಲರ್ ಮೂಲಕ ಕೆಲಸಕ್ಕೆ ಬರುತ್ತದೆಂದು ಅವರು ಅಂದಾಜು ಮಾಡಿದ್ದರು. ನಮ್ಮ ಕಾಲದಲ್ಲಿ ಅದರ ಪ್ರತಿಕೃತಿ ಮಾಡಿ ಪರೀಕ್ಷಿಸಿದಾಗ ಶೇಕಡಾ 75ರ ಹತ್ತಿರ ಬಂದಿದೆ. ಇಂದಿನ ಒಳ್ಳೆಯ ಮರದ ಪ್ರೊಪೆಲ್ಲರ್ 85 ಮುಟ್ಟುತ್ತದೆ. ನೂರು ವರ್ಷದ ವಿಜ್ಞಾನ ಸೇರಿಸಿದ್ದು ಬರೀ ಹತ್ತು. ಅವರ ಎಂಜಿನ್ ಬಹಳ ಸಾಧಾರಣದ್ದು. ಪ್ರೊಪೆಲ್ಲರ್ ಇಷ್ಟು ಚೆನ್ನಾಗಿ ಇರದಿದ್ದರೆ ಅಷ್ಟು ಶಕ್ತಿ ಸಾಲುತ್ತಿರಲಿಲ್ಲ.

ಇಷ್ಟಾದರೂ ಮರ ಮರವೇ. 1908ರ ಸೆಪ್ಟೆಂಬರ್ 17ರಂದು ಫೋರ್ಟ್ ಮಯರ್ ಎಂಬಲ್ಲಿ ಆರ್ವಿಲ್ ಅಮೆರಿಕದ ಸೈನ್ಯದವರಿಗೆ ವಿಮಾನ ಹಾರಿಸಿ ತೋರಿಸುತ್ತಿದ್ದ. ಪಕ್ಕದಲ್ಲಿ ಲೆಫ್ಟಿನೆಂಟ್ ಥಾಮಸ್ ಸೆಲ್ಫ್‌ರಿಜ್, ವಯಸ್ಸು 26. ಹಾರುತ್ತಿರುವಾಗಲೇ ಪ್ರೊಪೆಲ್ಲರಿನ ಒಂದು ಅಲಗು ಉದ್ದಕ್ಕೆ ಸೀಳಿತು. ಸೀಳಿದ ಅಲಗಿನ ಓರೆ ಕೆಟ್ಟಿತು, ಎರಡು ಅಲಗಿನ ಎಳೆತ ಬೇರೆ ಬೇರೆಯಾಗಿ ಅದುರತೊಡಗಿತು. ಅದುರಿ ಅದುರಿ ಹಿಂದಿನ ಚುಕ್ಕಾಣಿಯನ್ನು ಬಿಗಿದಿದ್ದ ತಂತಿಗೆ ಬಡಿಯಿತು. ವಿಮಾನ ಮೂತಿ ಕೆಳಗಾಗಿ ನೆಲಕ್ಕೆ ಬಂತು. ಸೆಲ್ಫ್‌ರಿಜ್ ಆ ಸಂಜೆಯೇ ತೀರಿಕೊಂಡ. ಎಂಜಿನ್ ಇರುವ ವಿಮಾನದ ಅಪಘಾತದಲ್ಲಿ ಸತ್ತ ಮೊದಲ ಮನುಷ್ಯ ಅವನು. ತೊಡೆಯ ಮೂಳೆ, ಪಕ್ಕೆಲುಬು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಆರ್ವಿಲ್, ಮುರಿದ ಪ್ರೊಪೆಲ್ಲರಿನ ತುಂಡುಗಳನ್ನು ಹಾಸಿಗೆಯ ಬಳಿಗೇ ತರಿಸಿಕೊಂಡು ಎಲ್ಲಿಂದ ಸೀಳು ಶುರುವಾಯಿತು ಎಂದು ನೋಡಿದ. 1909ರ ಬೇಸಿಗೆಯಲ್ಲಿ ಅದೇ ಮೈದಾನಕ್ಕೆ ಹೊಸ ವಿಮಾನದೊಂದಿಗೆ ಬಂದು ಉಳಿದ ಪರೀಕ್ಷೆ ಮುಗಿಸಿದ.

ಮರ ಸೀಳದಂತೆ, ಬಾಗದಂತೆ ಮಾಡುವುದು ಹೇಗೆ ಎಂಬುದೇ ಮುಂದಿನ ಹತ್ತು ವರ್ಷಗಳ ಕಸುಬು. ಫ್ರಾನ್ಸಿನಲ್ಲಿ ಲೂಸಿಯನ್ ಶೋವಿಯೇ ಎಂಬವನು ಅಕ್ರೋಟ್ ಮರದ ತೆಳು ಹಲಗೆಗಳನ್ನು ಅಂಟಿಸಿ ಮಾಡಿದ ಪ್ರೊಪೆಲ್ಲರ್ ಬಹಳ ಹೆಸರಾಯಿತು. 1909ರ ಜುಲೈ 25ರಂದು ಲೂಯಿ ಬ್ಲೇರಿಯೊ ಇಂಗ್ಲಿಷ್ ಕಾಲುವೆಯನ್ನು ದಾಟಿದ್ದು ಅದನ್ನೇ ಹಾಕಿಕೊಂಡು.

ಕೆಲಸದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಊರಿನಲ್ಲಿ ಇದನ್ನು ನನಗಿಂತ ಚೆನ್ನಾಗಿ ತಿಳಿಯುವವರು ಇದ್ದಾರೆ. ಒಂದೇ ದಿಮ್ಮಿಯಿಂದ ಕೆತ್ತಿದರೆ ಬಿಸಿಲಿಗೆ ಸೀಳು ಬಿಡುತ್ತದೆ, ಮಳೆಗೆ ಸೊಟ್ಟಗಾಗುತ್ತದೆ. ಅದಕ್ಕೆ ತೆಳು ಹಲಗೆಗಳನ್ನು ಅಂಟಿಸುವುದು. ಹಲಗೆಯಲ್ಲಿ ಗಂಟು ಇರಬಾರದು, ಎಳೆ ನೇರವಾಗಿ ಓಡಿರಬೇಕು, ಎಲ್ಲ ಹಲಗೆಗಳೂ ಒಂದೇ ಹದಕ್ಕೆ ಒಣಗಿರಬೇಕು. ಹಲಗೆಗಳನ್ನು ನೇರ ಪೇರಿಸುವುದಿಲ್ಲ. ಇಸ್ಪೀಟು ಎಲೆಗಳನ್ನು ಕೈಯಲ್ಲಿ ಹರಡಿ ಹಿಡಿಯುವಂತೆ, ಒಂದರಿಂದ ಇನ್ನೊಂದಕ್ಕೆ ತುಸು ತಿರುಗಿಸಿ ಜೋಡಿಸುತ್ತಾರೆ. ಆಗ ತಿರುಚು ಅರ್ಧ ಅಲ್ಲೇ ಬಂದಿರುತ್ತದೆ, ಕೆತ್ತಿ ಬಿಸಾಡುವ ಮರವೂ ಕಡಿಮೆ. ಅಂಟು ಆ ಕಾಲದಲ್ಲಿ ಚರ್ಮ ಮೂಳೆ ಬೇಯಿಸಿ ತೆಗೆದ ಮರವಜ್ರ. ಅದು ಬಿಸಿ ಇರುವಾಗಲೇ ಹಚ್ಚಬೇಕು, ಆರಿದರೆ ಕಚ್ಚುವುದಿಲ್ಲ. ಆದ್ದರಿಂದ ಕೋಣೆಯನ್ನೂ ಹಲಗೆಯನ್ನೂ ಬೆಚ್ಚಗೆ ಇಟ್ಟು, ಬೇಗಬೇಗನೆ ಹಚ್ಚಿ, ಕ್ಲ್ಯಾಂಪು ಬಿಗಿದು ಬಿಡುತ್ತಿದ್ದರು. ಆಮೇಲೆ ಕಾಯಬೇಕು. ಒರಟಾಗಿ ಕಡಿದ ಮೇಲೂ ಮತ್ತೆ ಕೆಲವು ದಿನ ಕಾಯಬೇಕು, ಹೊಸದಾಗಿ ಗಾಳಿ ಕಂಡ ಮರ ತನ್ನ ಸೊಟ್ಟತನವೆಲ್ಲ ತೋರಿಸಿಬಿಡಲಿ ಎಂದು.

ಕೊನೆಯ ಕೆತ್ತನೆಗೆ ಅಲಗಿನ ಉದ್ದಕ್ಕೂ ಗುರುತು ಹಾಕಿ, ಒಂದೊಂದು ಗುರುತಿಗೂ ತಗಡಿನ ಅಚ್ಚು ಇಟ್ಟು ನೋಡುತ್ತಾರೆ. ಅಚ್ಚಿಗೂ ಮರಕ್ಕೂ ನಡುವೆ ಬೆಳಕು ಕಂಡರೆ ಇನ್ನೂ ಕೆಲಸ ಇದೆ ಎಂದು ಅರ್ಥ. ನನಗೆ ಬಹಳ ಇಷ್ಟವಾದದ್ದು ಇನ್ನೊಂದು. ಕೆತ್ತುತ್ತಾ ಹೋದಂತೆ ಹಲಗೆಗಳ ಅಂಟಿನ ಗೆರೆಗಳು ಮೇಲೆ ಎದ್ದು ಬರುತ್ತವೆ, ಭೂಪಟದಲ್ಲಿ ಬೆಟ್ಟದ ಎತ್ತರ ತೋರಿಸುವ ಗೆರೆಗಳಂತೆ. ಎರಡೂ ಅಲಗಿನ ಗೆರೆಗಳು ಒಂದೇ ರೀತಿ ಬಳುಕಿದ್ದರೆ ಕೆತ್ತನೆ ಸಮ ಇದೆ. ಅನುಭವಸ್ಥನಿಗೆ ಅಳತೆಗೂ ಮುಂಚೆ ಕಣ್ಣೇ ಹೇಳಿಬಿಡುತ್ತದೆ. ನಾವು ಕಂಪ್ಯೂಟರಿನಲ್ಲಿ ತಪ್ಪಿದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗುತ್ತೇವೆ. ಕೆರೆದು ತೆಗೆದ ಮರವನ್ನು ಮತ್ತೆ ಹಚ್ಚುವ ಗುಂಡಿ ಇಲ್ಲ.

ಆಮೇಲೆ ತೂಕ. ನಡುವಿನ ತೂತಿಗೆ ಸರಳು ತೂರಿಸಿ, ರಸಮಟ್ಟ ಇಟ್ಟು ಸಮ ಮಾಡಿದ ಎರಡು ಚೂಪು ಅಂಚುಗಳ ಮೇಲೆ ಇಡುತ್ತಾರೆ. ಭಾರದ ಅಲಗು ತಾನಾಗಿ ಕೆಳಕ್ಕೆ ಬರುತ್ತದೆ. ಹೇಗೆ ಬಿಟ್ಟರೆ ಹಾಗೇ ನಿಲ್ಲುವವರೆಗೂ ಕೆಲಸ ಮುಗಿಯುವುದಿಲ್ಲ. ಕೊನೆಕೊನೆಗೆ ಮರ ತೆಗೆಯುವ ಬದಲು ಹಗುರ ಅಲಗಿಗೆ ಇನ್ನೊಂದು ಕೈ ವಾರ್ನಿಷ್ ಬಳಿದು ಸಮ ಮಾಡುತ್ತಾರೆ. ಇಷ್ಟು ಸೂಕ್ಷ್ಮ ಏಕೆ? ನಿಮಿಷಕ್ಕೆ 1,200 ಸುತ್ತು ತಿರುಗುವಾಗ, ನಡುವಿನಿಂದ ಒಂದು ಮೀಟರ್ ದೂರದಲ್ಲಿ ಬರೀ ಹತ್ತು ಗ್ರಾಂ ಹೆಚ್ಚಾಗಿದ್ದರೆ ಅದು ಎಂಜಿನ್ನನ್ನು 16 ಕಿಲೋ ಭಾರದಷ್ಟು ಬಲದಲ್ಲಿ ಜಗ್ಗುತ್ತದೆ, ಸೆಕೆಂಡಿಗೆ ಇಪ್ಪತ್ತು ಸಲ ದಿಕ್ಕು ಬದಲಿಸುತ್ತಾ. ಫೋರ್ಟ್ ಮಯರಿನ ವಿಮಾನ ಅದುರಿದ್ದು ನೆನಪಿರಲಿ.

ಒಂದನೆಯ ಮಹಾಯುದ್ಧದಲ್ಲಿ ಈ ಕಸುಬಿಗೆ ಒಮ್ಮೆಲೇ ಬೇಡಿಕೆ ಬಂತು. ಪೀಠೋಪಕರಣ ಮಾಡುತ್ತಿದ್ದ ಬಡಗಿಗಳು ಪ್ರೊಪೆಲ್ಲರಿಗೆ ಬಂದರು, ಇಂಗ್ಲೆಂಡಿನಲ್ಲಿ ಹೆಂಗಸರೂ ಈ ಕಾರ್ಖಾನೆಗಳಲ್ಲಿ ದುಡಿದರು. ಒರಟು ಕೆತ್ತನೆಗೆ ಮಾದರಿ ನೋಡಿ ನಕಲು ಕೆತ್ತುವ ಯಂತ್ರಗಳು ಬಂದವು, ಕೊನೆಯ ಕೈ ಮಾತ್ರ ಮನುಷ್ಯನದೇ. 1915ರಲ್ಲಿ ರೋಲಾಂ ಗಾರೋ ಎಂಬ ಫ್ರೆಂಚ್ ಪೈಲಟ್ ಪ್ರೊಪೆಲ್ಲರಿನ ನಡುವಿನಿಂದಲೇ ಮಷಿನ್‌ಗನ್ ಹೊಡೆಯಲು, ಗುಂಡು ತಾಗಿದರೂ ಮರ ಒಡೆಯದಂತೆ ಅಲಗಿಗೆ ಉಕ್ಕಿನ ತಡೆ ಕಟ್ಟಿಕೊಂಡು ಹಾರಿದ. ಟೆನಿಸ್ ನೋಡುವವರು ಕೇಳಿರುವ ಪ್ಯಾರಿಸ್ಸಿನ ಮೈದಾನಕ್ಕೆ ಇವನದೇ ಹೆಸರು. 1918ರ ಜುಲೈನಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ಹತ್ತು ಗೆಲುವು ಗಳಿಸಿ, ಅದೇ ತಿಂಗಳು 19ನೆಯ ವಯಸ್ಸಿನಲ್ಲಿ ಮಡಿದ ಕಲ್ಕತ್ತದ ಹುಡುಗ ಇಂದ್ರಲಾಲ್ ರಾಯ್ ಹಾರಿಸಿದ ವಿಮಾನದ ಮುಂದೆಯೂ ಇದ್ದದ್ದು ಮರದ ಪ್ರೊಪೆಲ್ಲರೇ.

ಆಮೇಲೆ ಲೋಹದ್ದು ಬಂತು, ಹಾರುತ್ತಿರುವಾಗಲೇ ಓರೆ ಬದಲಿಸುವಂಥದ್ದು ಬಂತು. ಮರದ್ದು ನಿಂತುಹೋಗಲಿಲ್ಲ. 1930ರ ದಶಕದ ಮೊದಲ ಸ್ಪಿಟ್‌ಫೈರ್ ವಿಮಾನಗಳಿಗೂ ಎರಡು ಅಲಗಿನ ಮರದ ಪ್ರೊಪೆಲ್ಲರ್ ಇತ್ತು. ಚಿಕ್ಕ ವಿಮಾನಗಳಿಗೆ ಅಮೆರಿಕದಲ್ಲೂ ಜರ್ಮನಿಯಲ್ಲೂ ಇಂದಿಗೂ ಮಾಡುತ್ತಿದ್ದಾರೆ. ಮರ ಅದುರನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ, ಲೋಹದಂತೆ ಅದುರಿ ಅದುರಿ ದಣಿದು ಬಿರುಕು ಬಿಡುವುದಿಲ್ಲ. ಆದರೆ ಆರೈಕೆ ಬೇಕು. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಹಿಗ್ಗಿ ಚೌಕಟ್ಟಿಗೆ ಕಚ್ಚಿಕೊಳ್ಳುವಂತೆ ಪ್ರೊಪೆಲ್ಲರಿನ ನಡುವೂ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬೋಲ್ಟು ಸಡಿಲವಾಗುತ್ತದೆ. ಋತು ಬದಲಾದಾಗ ಬಿಗಿ ನೋಡಬೇಕು. ವಿಮಾನ ನಿಲ್ಲಿಸುವಾಗ ಅಲಗುಗಳನ್ನು ಅಡ್ಡಕ್ಕೇ ಬಿಡಬೇಕು. ನೆಟ್ಟಗೆ ಬಿಟ್ಟರೆ ತೇವವೆಲ್ಲ ಕೆಳಗಿನ ಅಲಗಿಗೆ ಇಳಿದು ತೂಕ ತಪ್ಪುತ್ತದೆ.

ಈ ಬಗೆಯ ಕೆಲಸದ ಬಗ್ಗೆ ಓದುವಾಗ ನನಗೆ ಪ್ರತಿಸಲ ನೆನಪಾಗುವುದು ನಮ್ಮೂರಿನ ಆಚಾರ್ರು ಗಾಡಿಚಕ್ರ ಮಾಡುತ್ತಿದ್ದದ್ದು. ಮರದ ಚಕ್ರಕ್ಕೆ ಕೆಂಪಗೆ ಕಾಯಿಸಿದ ಕಬ್ಬಿಣದ ಪಟ್ಟಿ ಹಾಕಿ ನೀರು ಹೊಯ್ಯುವಾಗ, ಪಟ್ಟಿ ಎಷ್ಟು ಚಿಕ್ಕದಿರಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ಆ ಲೆಕ್ಕವನ್ನು ನಾನು ಪಿ.ಯು.ಸಿ. ಭೌತಶಾಸ್ತ್ರದಲ್ಲಿ ಉಷ್ಣ ವ್ಯಾಕೋಚನ ಎಂದು ಓದಿದೆ. ನಮ್ಮ ತರಗತಿಯಲ್ಲಿ ಲೆಕ್ಕ ಬಂದವರು ಒಂದು ಕಡೆ ಹೋದೆವು, ಕೈ ಚುರುಕಿದ್ದವರು ಇನ್ನೊಂದು ಕಡೆ ಹೋದರು, ಮತ್ತೆ ಒಂದೇ ಬೆಂಚಿನಲ್ಲಿ ಕೂರಲಿಲ್ಲ. ಡೇಟನ್ನಿನಲ್ಲಿ ಟ್ಯಾನ್ ಬೆಲೆ ತೆಗೆದವರೂ ಕೊಡಲಿ ಹಿಡಿದವರೂ ಅವರಿಬ್ಬರೇ.

ಕೊನೆಗೆ ಗುರುಗಳಲ್ಲಿ ಒಂದು ಕೋರಿಕೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ರೈಟ್ ಸಹೋದರರ 1903ರ ವಿಮಾನದ ನಿಜವಾದ ಅಳತೆಯ ಪ್ರತಿಕೃತಿ ಇದೆ. ಶಾಲಾ ಪ್ರವಾಸದಲ್ಲಿ ಮಕ್ಕಳು ಅದರ ಎದುರು ನಿಂತು ಫೋಟೋ ತೆಗೆಸಿಕೊಂಡು ಡೈನೋಸಾರ್ ನೋಡಲು ಓಡುತ್ತಾರೆ. ಅವರನ್ನು ಸ್ವಲ್ಪ ತಡೆದು ವಿಮಾನದ ಹಿಂಭಾಗಕ್ಕೆ ಕರೆದುಕೊಂಡು ಹೋಗಿ. ಪ್ರೊಪೆಲ್ಲರುಗಳು ಇರುವುದು ರೆಕ್ಕೆಯ ಹಿಂದೆ, ಎರಡು. ಬುಡದಿಂದ ತುದಿಯವರೆಗೆ ಅಲಗು ಹೇಗೆ ಮಲಗುತ್ತಾ ಹೋಗುತ್ತದೆ ಎಂದು ತೋರಿಸಿ, ಎರಡರ ತಿರುಚು ಎದುರು ಬದುರಾಗಿ ಏಕಿದೆ ಎಂದು ಕೇಳಿ.